ಎಂಜಿನ್ ಬಂದ್ ಮಾಡದೆ ನಿಂತ ಗಾಡಿ

ಒಂದು ಲೋಟ ನೀರು ಕೇಳಿದ್ದಕ್ಕೆ ಯಾರಾದರೂ ನಿಮ್ಮನ್ನು, "ಮಣ್ಣು ಎಷ್ಟೊತ್ತಿಗೈತಪ್ಪಾ?" ಅಂತ ಕೇಳಿದ್ದಾರಾ?

ನನ್ನನ್ನು ಕೇಳಿದ್ದಾರೆ. ಉಜ್ಜಿನಿ ಕಡೆಯ ಒಂದು ಹಳ್ಳಿಯಲ್ಲಿ, ಮಟಮಟ ಮಧ್ಯಾಹ್ನ, ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ ಒಬ್ಬ ಅಜ್ಜಿ. ಮಣ್ಣು ಅಂದರೆ ನಮ್ಮ ಕಡೆ ಸತ್ತವರನ್ನು ಹೂಳುವುದು. ಯಾರ ಮಣ್ಣು? ಅದನ್ನು ನಾನೇ ಹೇಳಬೇಕಂತೆ.

ನೋಡಿ, ನಾನು ದೆವ್ವ ಗಿವ್ವ ನಂಬುವವನಲ್ಲ. ಹರಪನಹಳ್ಳಿಯಲ್ಲಿ ಪಿಯುಸಿ ಹುಡುಗರಿಗೆ ಕಾಮರ್ಸ್ ಹೇಳಿಕೊಡುವ ಮೇಷ್ಟ್ರು. ಎಡಬದಿಗೂ ಬಲಬದಿಗೂ ತಾಳೆಯಾಗದಿದ್ದರೆ ನನಗೆ ಊಟ ಸೇರುವುದಿಲ್ಲ. ಇದೊಂದು ಸಂಗತಿ ಮಾತ್ರ ಎರಡು ವರ್ಷದಿಂದ ತಾಳೆಯಾಗಿಲ್ಲ. ಕಳೆದ ವಾರವಂತೂ ಇನ್ನಷ್ಟು ಕೆಟ್ಟಿತು. ಅದಕ್ಕೇ ನಿಮ್ಮ ಮುಂದೆ ಇಡುತ್ತಿದ್ದೇನೆ.

ಎಲ್ಲದಕ್ಕೂ ಕಾರಣ ಒಂದು ಮೋಟರ್ ಸೈಕಲ್. ಬ್ರಿಟಿಷರದು, ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ ಗಾಡಿ. ಟ್ಯಾಂಕಿನ ಮೇಲಿದ್ದ ಕಂಪನಿ ಹೆಸರು ಸವೆದು ಹೋಗಿತ್ತು. (ಕೇಳಿದವರಿಗೆಲ್ಲ ನಾನು ಒಂದೊಂದು ಸಲ ಒಂದೊಂದು ಹೆಸರು ಹೇಳಿದ್ದೇನೆ, ಅದು ಬೇರೆ ಮಾತು.) ಹೂವಿನಹಡಗಲಿಗೆ ಒಂದು ಮದುವೆಗೆ ಹೋಗಿದ್ದೆ. ಕಲ್ಯಾಣಮಂಟಪದ ಪಕ್ಕದ ಮನೆಯ ಹಿತ್ತಲಲ್ಲಿ, ಮಲ್ಲಿಗೆ ಬುಟ್ಟಿ ಪೇರಿಸಿಡುವ ಚಪ್ಪರದ ಕೆಳಗೆ ಅದು ಬಿದ್ದಿತ್ತು. ಊಟದ ಪಂಕ್ತಿ ಬಿಟ್ಟು ನಾನು ಅದರ ಮುಂದೆ ಹೋಗಿ ಕುಕ್ಕರಗಾಲಲ್ಲಿ ಕೂತೆ. ಹೆಂಡತಿ ಹುಡುಕಿಕೊಂಡು ಬಂದವಳು ನನ್ನ ಮುಖ ನೋಡಿಯೇ ಹಣೆ ಚಚ್ಚಿಕೊಂಡಳು.

ಆ ಮನೆಯ ಗಿರಿಜಮ್ಮ ಅನ್ನುವವರು ಅದು ತಮ್ಮ ಅಪ್ಪನದು ಅಂದರು. ಅಪ್ಪ ಕೊಟ್ಟೂರಿನವರು, ಗಿರಣಿ ಇಟ್ಟಿದ್ದರು, ತೀರಿಕೊಂಡು ಬಹಳ ವರ್ಷವಾಯಿತು. ಗುಜರಿಯವನಿಗೆ ಕೊಡಲು ಮನಸ್ಸಿಲ್ಲ, ಇಟ್ಟುಕೊಳ್ಳಲು ಜಾಗವಿಲ್ಲ. ಮಾತು ಬೇಗ ಮುಗಿಯಿತು. ಗಾಡಿಯನ್ನು ಲಗೇಜ್ ಆಟೋಗೆ ಹೇರುವಾಗ ಮಾತ್ರ ಆಕೆ ಹತ್ತಿರ ಬಂದು ಒಂದು ಮಾತು ಹೇಳಿದರು.

"ಯಾರ ಮನಿ ಮುಂದ ನಿಂತ್ರೂ ಎಂಜಿನ್ ಬಂದ್ ಮಾಡಿ ಕೆಳಗ ಇಳೀರಿ, ಸರ. ಮ್ಯಾಲ ಕುಂತು ಮಾತಾಡಬ್ಯಾಡ್ರಿ."

ಪೆಟ್ರೋಲ್ ಉಳಿತಾಯದ ಬುದ್ಧಿವಾದ ಇರಬೇಕು ಅಂದುಕೊಂಡೆ. ದೊಡ್ಡವರ ಮುಂದೆ ಗಾಡಿ ಮೇಲೆ ಕೂರಬಾರದು ಅನ್ನುವ ಮರ್ಯಾದೆಯ ಮಾತೂ ಇರಬಹುದು. ತಲೆಯಾಡಿಸಿದೆ, ಮರೆತೆ.

ನಮ್ಮ ಹಿತ್ತಲಲ್ಲಿ ಹಳೆಯ ದನದ ಕೊಟ್ಟಿಗೆ ಇದೆ. ಪ್ಯಾಕೆಟ್ ಹಾಲು ಬಂದ ಮೇಲೆ ಎಮ್ಮೆ ಹೋಯಿತು, ಕೊಟ್ಟಿಗೆ ಉಳಿಯಿತು. ಅದೇ ನನ್ನ ವರ್ಕ್‌ಶಾಪ್. ಎಮ್ಮೆಗೆ ಮೇವು ಹಾಕುತ್ತಿದ್ದ ಗ್ವಾದಲಿಯಲ್ಲಿ ಸ್ಪ್ಯಾನರು, ಸುತ್ತಿಗೆ, ಗ್ರೀಸ್ ಡಬ್ಬಿ. ಹೆಂಡತಿ ದಿನಕ್ಕೊಮ್ಮೆ ಬಂದು ಇಣುಕುತ್ತಿದ್ದಳು. ಎಮ್ಮೆ ತಿಂದದ್ದಕ್ಕೆ ಹಾಲಾದರೂ ಕೊಡುತ್ತಿತ್ತು ಅಂತ ಹೇಳಿ ಹೋಗುತ್ತಿದ್ದಳು.

ನನ್ನ ಕೈಯಲ್ಲಿ ಕಸುಬಿಲ್ಲ, ಬಾಯಲ್ಲಷ್ಟೇ. ಹಾಗಾಗಿ ಬಸ್ ಸ್ಟ್ಯಾಂಡ್ ಹತ್ತಿರದ ಗ್ಯಾರೇಜಿನ ರಾಜಾಸಾಬ್‌ನನ್ನು ಹಿಡಿದೆ. ಅವನ ಬಾಯಿ ನನ್ನದಕ್ಕಿಂತ ದೊಡ್ಡದು. ರಜೆಯ ದಿನ ಬಂದರೆ ಅರ್ಧ ಹೊತ್ತು ಕೆಲಸ, ಅರ್ಧ ಹೊತ್ತು ತಾನು ರಿಪೇರಿ ಮಾಡಿದ ಲಾರಿಗಳ ಪುರಾಣ. ಸಿಲಿಂಡರಿನಲ್ಲಿ ಪಿಸ್ಟನ್ ಕಚ್ಚಿಕೊಂಡು ಕೂತಿತ್ತು. ಸೀಮೆಎಣ್ಣೆ ಸುರಿದು ವಾರಗಟ್ಟಲೆ ಬಿಟ್ಟೆವು. ನಮ್ಮ ಯಾವ ಸ್ಪ್ಯಾನರೂ ಅದರ ನಟ್ಟಿಗೆ ಕೂರಲಿಲ್ಲ. ಅದು ಇಂಚಿನ ಲೆಕ್ಕದ್ದು, ನಮ್ಮವು ಮಿಲಿಮೀಟರಿನವು. ರಾಜಾಸಾಬ್ ಅರ ಹಾಕಿ ಉಜ್ಜಿ ಉಜ್ಜಿ ನಾಲ್ಕು ಸ್ಪ್ಯಾನರ್ ಹಾಳು ಮಾಡಿದ. ಕಾರ್ಬೊರೇಟರ್ ಒಳಗೆ ಕಣಜದ ಹುಳ ಮಣ್ಣಿನ ಗೂಡು ಕಟ್ಟಿತ್ತು. ಕಿಡಿ ಕೊಡುವ ಮ್ಯಾಗ್ನೆಟ್ ಸುಟ್ಟಿತ್ತು, ಅದನ್ನು ಹುಬ್ಬಳ್ಳಿಗೆ ಕಳಿಸಿ ಹೊಸದಾಗಿ ತಂತಿ ಸುತ್ತಿಸಿ ತರಿಸಿದೆವು.

ಬಿಚ್ಚುತ್ತಾ ಹೋದಂತೆ ಎರಡು ವಿಚಿತ್ರ ಕಂಡವು.

ಒಂದು, ಟೂಲ್ ಬಾಕ್ಸಿನಲ್ಲಿ ಟೂಲೇ ಇರಲಿಲ್ಲ. ಒಂದು ವಿಭೂತಿ ಗಟ್ಟಿ ಮಾತ್ರ ಇತ್ತು. ಅದರ ಪಕ್ಕ ನೀರಿನ ಬಾಟ್ಲಿ ಸಿಕ್ಕಿಸಲು ಯಾರೋ ಒಂದು ಬಳೆ ವೆಲ್ಡ್ ಮಾಡಿಸಿದ್ದರು. ಹಳ್ಳಿ ಹಳ್ಳಿಯಲ್ಲಿ ಬಾವಿ ಇರುವ ಸೀಮೆಯಲ್ಲಿ ಬಾಟ್ಲಿ ಯಾಕೆ?

ಇನ್ನೊಂದನ್ನು ರಾಜಾಸಾಬ್ ತೋರಿಸಿದ. ಹ್ಯಾಂಡಲ್ಲಿನ ಹಿಡಿ ಸವೆದಿದೆ, ಕಾಲಿಡುವ ಕಡೆ ಕಬ್ಬಿಣ ಸವೆದಿದೆ, ಸೀಟಿನ ತೊಗಲು ಕಿತ್ತು ಹೋಗಿದೆ. ಸ್ಟ್ಯಾಂಡ್ ಒಂದು ಮಾತ್ರ ಹೊಸದರ ಹಾಗೇ ಇದೆ. ಅವನು ಅದನ್ನು ಎತ್ತಿ ಇಳಿಸಿ ನೋಡಿ, "ಈ ಗಾಡಿಯವ್ರು ಎಲ್ಲಿಗೆ ಹೋದ್ರೂ ಕೆಳಗೆ ಇಳೀತಿರಲಿಲ್ಲ ಕಾಣುತ್ತೆ ಸಾರ್" ಅಂದ. ಆಮೇಲೆ ಯಾಕೋ ಅವನ ಲಾರಿ ಪುರಾಣ ಆ ದಿನ ಮುಂದುವರಿಯಲಿಲ್ಲ.

ಕೊನೆಗೊಂದು ಭಾನುವಾರ ಗಾಡಿ ಸ್ಟಾರ್ಟ್ ಆಯಿತು. ಆ ಸದ್ದನ್ನು ಹೇಗೆ ಬರೆಯಲಿ? ಈಗಿನ ಬೈಕುಗಳ ಹಾಗೆ ಗುರ್ ಅನ್ನುವುದಿಲ್ಲ. ದುಗ್... ದುಗ್... ದುಗ್... ಒಂದು ಬಡಿತಕ್ಕೂ ಇನ್ನೊಂದಕ್ಕೂ ನಡುವೆ, ನಿಂತೇ ಹೋಯಿತೇನೋ ಅನ್ನುವಷ್ಟು ಬಿಡುವು. ನಾನು ಕುಣಿದೆ. ಮೈಸೂರು ಪಾಕ್ ಹಂಚಿದೆ. ಗೇರ್ ಬಲಗಾಲಿಗೆ, ಬ್ರೇಕ್ ಎಡಗಾಲಿಗೆ ಅನ್ನುವುದು ತಲೆಗೆ ಹೋಗುವಷ್ಟರಲ್ಲಿ ಎರಡು ಸಲ ತಿಪ್ಪೆಗೆ ನುಗ್ಗಿದೆ. ಅದನ್ನು ಬಿಟ್ಟರೆ ಗಾಡಿ ಚಿನ್ನ. ಒಂದೇ ಕೊರತೆ, ಎಂಜಿನ್ ಬಿಸಿಯಿದ್ದಾಗ ಆಫ್ ಮಾಡಿದರೆ ಮತ್ತೆ ಸ್ಟಾರ್ಟ್ ಮಾಡಲು ಒದ್ದು ಒದ್ದು ಕಾಲು ಬೀಳುತ್ತಿತ್ತು. ಓಡುತ್ತಿದ್ದಾಗ ಮಾತ್ರ ಒಮ್ಮೆಯೂ ಕೈಕೊಟ್ಟಿರಲಿಲ್ಲ. ಇದನ್ನು ನೆನಪಿಡಿ.

ಮುಂದಿನ ಭಾನುವಾರ ಕೊಟ್ಟೂರು ದಾಟಿ ಉಜ್ಜಿನಿಗೆ ಹೋಗಿ, ಮರುಳಸಿದ್ಧೇಶ್ವರನಿಗೆ ಕೈಮುಗಿದು ಬರೋಣ ಅಂತ ಹೊರಟೆ. ಹರಪನಹಳ್ಳಿಯಲ್ಲಿ ನನ್ನ ಸ್ಟೂಡೆಂಟ್‌ಗಳು ಕೇಕೆ ಹಾಕಿದರು. ದಾರಿಯ ಹಳ್ಳಿಗಳಲ್ಲಿ ಹುಡುಗರು ಹಿಂದೆ ಓಡಿದರು. ಎಲ್ಲ ಸರಿಯಾಗೇ ಇತ್ತು, ಕೊಟ್ಟೂರು ಬರುವ ತನಕ.

ಕೊಟ್ಟೂರಿನ ಹೋಟೆಲ್ ಮುಂದೆ ಬೆಂಚಿನ ಮೇಲೆ ಕೂತಿದ್ದ ಒಬ್ಬ ಮುದುಕ ನನ್ನನ್ನು ನೋಡಿ ಎದ್ದು ನಿಂತ. ತಲೆಗೆ ಸುತ್ತಿದ್ದ ಟವೆಲ್ ತೆಗೆದ. ಸೈಕಲ್ಲಿನಲ್ಲಿ ಬರುತ್ತಿದ್ದ ಒಬ್ಬ ಹಿರಿಯರು ಇಳಿದು ಪಕ್ಕಕ್ಕೆ ಸರಿದರು. ನಾನು ಕೈ ಬೀಸಿದೆ. ಯಾರೂ ತಿರುಗಿ ಕೈ ಬೀಸಲಿಲ್ಲ.

ಊರು ದಾಟಿ ಹಳ್ಳಿಗಳ ರಸ್ತೆ ಹಿಡಿದ ಮೇಲೆ ಇದು ಹೆಚ್ಚಾಯಿತು. ನಾನು ಬರುವ ಮೊದಲೇ ಕಟ್ಟೆಯ ಮೇಲೆ ಮಾತು ನಿಂತಿರುತ್ತಿತ್ತು. ಹುಡುಗರು, ಹರೆಯದವರು ತಮ್ಮ ಪಾಡಿಗೆ ತಾವಿದ್ದರು. ತಲೆ ನರೆತವರು ಮಾತ್ರ ಎದ್ದು ನಿಲ್ಲುತ್ತಿದ್ದರು. ಹೆಂಗಸರು ಮೊದಲು ನನ್ನನ್ನು ನೋಡಿ, ಆಮೇಲೆ ತಂತಮ್ಮ ಬಾಗಿಲು ನೋಡಿಕೊಳ್ಳುತ್ತಿದ್ದರು. ನಾನು ಆ ಬಾಗಿಲು ದಾಟಿದ ಮೇಲೆ ಹಿಂದೆ ಮಾತು ಶುರುವಾಗುತ್ತಿತ್ತು. ಒಂದು ಕಡೆ ಯಾರೋ ಜೋರಾಗಿ ನಕ್ಕರು, ಗಂಡಾಂತರ ತಪ್ಪಿದವರು ನಗುವ ಹಾಗೆ.

ನಾನೇನು ತಿಳಿದುಕೊಂಡೆ ಗೊತ್ತಾ? ನನ್ನ ಗಾಡಿಯ ಅಂದಕ್ಕೆ ಜನ ಮಾತು ಮರೆತಿದ್ದಾರೆ ಅಂತ. ನಗಿ, ಪರವಾಗಿಲ್ಲ. ಎದೆ ಇನ್ನಷ್ಟು ಉಬ್ಬಿಸಿಕೊಂಡು ಕೂತೆ.

ಬಿಸಿಲು ನೆತ್ತಿಗೇರಿತ್ತು. ಬಾಯಾರಿಕೆ. ಒಂದು ಹಳ್ಳಿಯಲ್ಲಿ ಮನೆ ಮುಂದಿನ ಕಟ್ಟೆಯ ಮೇಲೆ ಅಜ್ಜಿಯೊಬ್ಬಳು ಮೊರದಲ್ಲಿ ಶೇಂಗಾ ಹಸನು ಮಾಡುತ್ತಿದ್ದಳು. ಗಾಡಿ ನಿಲ್ಲಿಸಿದೆ. ಎಂಜಿನ್ ಆಫ್ ಮಾಡಲಿಲ್ಲ. (ಒದೆಯುವವರು ಯಾರು?) ಇಳಿಯಲೂ ಇಲ್ಲ. ಕೂತಲ್ಲಿಂದಲೇ, "ಅಜ್ಜೀ, ಒಂದು ಲೋಟ ನೀರು" ಅಂದೆ.

ಅಜ್ಜಿಯ ಕೈಯಿಂದ ಮೊರ ಜಾರಿತು. ಶೇಂಗಾ ಎಲ್ಲ ಕಟ್ಟೆಯ ಕೆಳಗೆ ಚೆಲ್ಲಿತು. ಆಕೆ ನಿಧಾನಕ್ಕೆ ಎದ್ದು, ಚೌಕಟ್ಟು ಹಿಡಿದು ನಿಂತು, ಆ ಪ್ರಶ್ನೆ ಕೇಳಿದಳು.

"ಮಣ್ಣು ಎಷ್ಟೊತ್ತಿಗೈತಪ್ಪಾ?"

"ಯಾರ ಮಣ್ಣು ಅಜ್ಜೀ?"

"ಅದನ್ನ ನೀ ಹೇಳಬೇಕು. ನನ್ನ ಕೇಳಿದ್ರ?"

ಯಾರೂ ಸತ್ತಿಲ್ಲ, ನಾನು ಹರಪನಹಳ್ಳಿ ಮೇಷ್ಟ್ರು, ಸುಮ್ಮನೆ ಉಜ್ಜಿನಿಗೆ ಹೊರಟಿದ್ದೇನೆ ಅಂತ ಹೇಳಿದೆ. ಒಮ್ಮೆ ಅಲ್ಲ, ಹಲವು ಸಲ. ಆಕೆ ನನ್ನ ಮಾತು ಕೇಳಿಸಿಕೊಂಡು, ಪಕ್ಕದ ಮನೆಯಾಕೆಗೆ ಹೇಳಿದ್ದು ಇಷ್ಟು, "ಹೇಳಾಕ ಒಲ್ಲ ಅಂತಾನ ನೋಡವ್ವಾ. ಹತ್ತಿರದೋರೇ ಇರಬೇಕು."

ಅಷ್ಟರಲ್ಲಿ ನಾಲ್ಕು ಮನೆಯವರು ಸೇರಿದ್ದರು. ಎಲ್ಲರ ಕಣ್ಣೂ ನನ್ನ ಬಾಯಿಯ ಮೇಲೆ. ಪಕ್ಕದ ಮನೆಯಾಕೆ ಒಳಗೆ ಹೋಗಿ ನೀರು ತಂದು ನನ್ನ ಮುಂದೆ ಹಿಡಿದಳು. ಹಿಡಿದ ರೀತಿ ನೋಡಿದರೆ ಬಾಯಾರಿದವನಿಗೆ ಕೊಡುವ ಹಾಗಿರಲಿಲ್ಲ, ಏನನ್ನೋ ಪರೀಕ್ಷೆ ಮಾಡುವ ಹಾಗಿತ್ತು. ನನಗೆ ಅಲ್ಲಿಂದ ಪಾರಾದರೆ ಸಾಕಾಗಿತ್ತು. ಬೇಡ ಬಿಡಮ್ಮಾ, ಹೊರಡ್ತೀನಿ ಅಂದೆ.

ಅಲ್ಲಿಗೆ ಮುಗಿಯಿತು. ಹೆಂಗಸರೆಲ್ಲ ಒಟ್ಟಿಗೆ ಬಾಯಿ ತೆಗೆದು ಅಳಲು ಶುರು ಮಾಡಿದರು.

ನಮ್ಮ ಕಡೆ ಸಾವಿನ ಮನೆಯಲ್ಲಿ ಸುಮ್ಮನೆ ಅಳುವುದಿಲ್ಲ. ಸತ್ತವರ ಗುಣ ಎತ್ತಿ ಎತ್ತಿ ಹೇಳಿ, ರಾಗ ಎಳೆದು ಅಳುತ್ತಾರೆ. ಇಲ್ಲಿ ಸತ್ತವರು ಯಾರು ಅಂತಲೇ ಗೊತ್ತಿಲ್ಲ. ಒಬ್ಬಾಕೆ ಬಂಗಾರದಂಥಾ ಅಣ್ಣ ಅಂದರೆ ಇನ್ನೊಬ್ಬಾಕೆ ತೌರಿನ ದೀಪ ಅಂತ ಅಳುತ್ತಿದ್ದಳು. ಒಂದು ಸಾವಿಗೆ ಜಾಗ ಮಾಡಿಟ್ಟು, ಹೆಸರಿಗೆ ಕಾಯುತ್ತಿದ್ದ ಅಳು ಅದು. ನಾನು ಬದುಕಿನಲ್ಲಿ ಅಂಥದ್ದನ್ನು ಕೇಳಿರಲಿಲ್ಲ. ಎಂಜಿನ್ ಆ ಅಳುವಿನ ಕೆಳಗೆ ದುಗ್ ದುಗ್ ಅನ್ನುತ್ತಲೇ ಇತ್ತು.

ಕೊನೆಗೆ ಅಜ್ಜಿಯೇ ಹೆಸರು ಕೊಟ್ಟಳು. "ನಮ್ಮಕ್ಕ" ಅಂದಳು. ಅಷ್ಟೇ ಅಂದು ಕೂತಳು.

ಹೊಲದಿಂದ ಅಜ್ಜಿಯ ಮಗ ವೀರೇಶ ಓಡಿಬಂದ. ನಲವತ್ತರ ಆಸುಪಾಸಿನ, ತಿಳಿವಳಿಕೆಯ ಮನುಷ್ಯ. ಮೊದಲು ನನ್ನ ಕೈ ಸರಿಸಿ ಎಂಜಿನ್ ಬಂದ್ ಮಾಡಿದ. ಆಮೇಲೆ ನನ್ನನ್ನು ಬೇವಿನ ಮರದ ಕೆಳಗೆ ಕರೆದುಕೊಂಡು ಹೋಗಿ, ನಾನು ಏನು ಓಡಿಸಿಕೊಂಡು ಬಂದಿದ್ದೇನೆ ಅಂತ ತಿಳಿಸಿ ಹೇಳಿದ.

ಫೋನಿಲ್ಲದ ಕಾಲದಲ್ಲಿ ಕೊಟ್ಟೂರಿನಲ್ಲಿ ಯಾರೇ ಸತ್ತರೂ ಸುತ್ತಲ ಹಳ್ಳಿಯ ನೆಂಟರಿಗೆ ಸುದ್ದಿ ಮುಟ್ಟಿಸುತ್ತಿದ್ದದ್ದು ಈ ಗಾಡಿ. ಗಿರಣಿ ಗುರುಶಾಂತಪ್ಪನ ಗಾಡಿ. ಇವರಲ್ಲಿ ಹೆಣವನ್ನು ರಾತ್ರಿ ಕಳೆಯಲು ಬಿಡುವುದಿಲ್ಲ, ಸಂಜೆಯೊಳಗೆ ಮಣ್ಣು. ಬಸ್ಸಿಗೆ ಕಾದರೆ ಮುಖ ಸಿಗುವುದಿಲ್ಲ. ಹಾಗಾಗಿ ಯಾವ ಜಾತಿಯ, ಯಾವ ಕೇರಿಯ ಸಾವಾದರೂ ಗುರುಶಾಂತಪ್ಪ ಗಿರಣಿ ಬಿಟ್ಟು ಹೊರಡುತ್ತಿದ್ದ. ಅದಕ್ಕೊಂದು ಪದ್ಧತಿ ಇತ್ತು. ಸಾವು ಹೇಳಲು ಬಂದವನು ಗಾಡಿಯಿಂದ ಇಳಿಯಬಾರದು. ಆ ಮನೆಯ ನೀರು ಮುಟ್ಟಬಾರದು. ಇನ್ನೂ ನಾಲ್ಕು ಊರಿಗೆ ಹೋಗಬೇಕಿರುವುದರಿಂದ ಎಂಜಿನ್ ನಿಲ್ಲಿಸುತ್ತಿರಲಿಲ್ಲ. ಒಡಹುಟ್ಟಿದವರಿಗೆ, ಮಕ್ಕಳಿಗೆ ಸತ್ತರು ಅಂತ ನೇರವಾಗಿ ಹೇಳುವುದೂ ಇಲ್ಲ. ಏನಿಲ್ಲ, ಸ್ವಲ್ಪ ಆರಾಮಿಲ್ಲ, ಬಂದು ನೋಡಿಕೊಂಡು ಹೋಗಿ ಅನ್ನಬೇಕು.

ನಾನು ಇಳಿದಿರಲಿಲ್ಲ. ಎಂಜಿನ್ ನಿಲ್ಲಿಸಿರಲಿಲ್ಲ. ನೀರು ಒಲ್ಲೆ ಅಂದಿದ್ದೆ. ಏನೂ ಆಗಿಲ್ಲ ಅಂತ ಹತ್ತು ಸಲ ಹೇಳಿದ್ದೆ. ಒಂದೊಂದು ಸಲ ಹೇಳಿದಾಗಲೂ ಆ ಮನೆಯ ಸಾವು ಇನ್ನಷ್ಟು ಖಾತ್ರಿಯಾಗಿತ್ತು.

"ಫೋನ್ ಮಾಡಿ ಕೇಳಿದರಾಯ್ತಲ್ಲ?" ಅಂದೆ. ವೀರೇಶ ಆಗಲೇ ಊರಿನ ಎಸ್‌ಟಿಡಿ ಬೂತಿಗೆ ಆಳು ಕಳಿಸಿದ್ದ. ಕೊಟ್ಟೂರಿನಲ್ಲಿ ದೊಡ್ಡಮ್ಮನ ಮನೆ ಪಕ್ಕದ ಅಂಗಡಿಗೆ ಫೋನ್ ಹೋಗುತ್ತಿತ್ತು, ಯಾರೂ ಎತ್ತುತ್ತಿರಲಿಲ್ಲ. ಭಾನುವಾರ, ಅಂಗಡಿ ಮುಚ್ಚಿರಬಹುದು. ಆದರೆ ಆ ಹೊತ್ತಿನಲ್ಲಿ ಎತ್ತದ ಫೋನಿಗೆ ಯಾರು ಹಾಗೆ ಅರ್ಥ ಹೇಳುತ್ತಾರೆ?

ವೀರೇಶ ಅವ್ವನ ಕಡೆ ನೋಡಿ ದನಿ ತಗ್ಗಿಸಿದ. ಅವ್ವ ಸಿದ್ದಮ್ಮ, ದೊಡ್ಡಮ್ಮ ಕೊಟ್ರಮ್ಮ. ಇಬ್ಬರೇ ಅಕ್ಕತಂಗಿಯರು, ಅಣ್ಣತಮ್ಮ ಇಲ್ಲ. ಇವರ ತಾಯಿ ಕೊಟ್ಟೂರಿನಲ್ಲಿ ಅಕ್ಕನ ಮನೆಯಲ್ಲೇ ಇದ್ದಳು, ಅಲ್ಲೇ ತೀರಿಕೊಂಡಳು. ಸುದ್ದಿ ಬಂದದ್ದು ಹೊತ್ತು ಮುಳುಗಿದ ಮೇಲೆ. ಸಿದ್ದಮ್ಮ ಹೋಗಿ ಮುಟ್ಟುವಷ್ಟರಲ್ಲಿ ಕುಣಿ ಮುಚ್ಚಿತ್ತು. ಹೆತ್ತವ್ವನ ಮುಖ ಸಿಗಲಿಲ್ಲ, ಹಿಡಿ ಮಣ್ಣು ಹಾಕಲಿಲ್ಲ. ಬೆಳಿಗ್ಗೆಯೇ ಹೇಳಿ ಕಳಿಸಿದ್ದೆ, ದಾರಿಯಲ್ಲಿ ಗಾಡಿ ನಿಂತುಬಿಟ್ಟಿತಂತೆ ಅಂದಳು ಅಕ್ಕ. ಗುರುಶಾಂತಪ್ಪನೂ ಬಂದು ಅದನ್ನೇ ಹೇಳಿದ. ಊರೂರಿಗೆ ಹೋಗುವ ಗಾಡಿ ನನ್ನ ಊರಿಗೆ ಬರುವಾಗಲೇ ನಿಂತಿತೇ? ಅಕ್ಕ ಬೇಕಂತಲೇ ತಡವಾಗಿ ಕಳಿಸಿ, ಅವನಿಗೆ ಹೇಳಿಕೊಟ್ಟಿದ್ದಾಳೆ ಅಂದಳು ಸಿದ್ದಮ್ಮ. ಅವತ್ತೇ ಮಾತು ನಿಂತಿತು. ಇಪ್ಪತ್ತು ವರ್ಷದ ಮೇಲಾಯಿತು.

ನಾವು ಮಾತಾಡುತ್ತಿದ್ದಂತೆ ಸಿದ್ದಮ್ಮ ಗಂಟು ಕಟ್ಟಿಕೊಂಡು ಟ್ರ್ಯಾಕ್ಟರಿನ ಟ್ರೇಲರ್ ಹತ್ತಿ ಕೂತಾಗಿತ್ತು. ಸುತ್ತ ಹತ್ತಾರು ಹೆಂಗಸರು. ನನ್ನನ್ನು ಕರೆದು ಹೇಳಿದಳು, "ನೀ ಮುಂದ ನಡಿ. ಹೋದ ಸಲ ತಡ ಆತು. ಈ ಸಲ ಆಗಬಾರ್ದು."

ನಾನು ಇಲ್ಲ ಅನ್ನಬಹುದಿತ್ತು. ನೀವೇ ಹೇಳಿ, ಅಂದಿರುತ್ತಿದ್ದಿರಾ?

ಮುಂದೆ ನಾನು, ಹಿಂದೆ ಅಳುವ ಟ್ರ್ಯಾಕ್ಟರ್. ಬರುವಾಗ ಎದ್ದು ನಿಂತಿದ್ದ ಮುದುಕರು ಈಗಲೂ ಎದ್ದು ನಿಂತರು. ಕೆಲವರು ಕೈ ಮುಗಿದರು. ಬೆಳಿಗ್ಗೆ ಎದೆ ಉಬ್ಬಿಸಿ ಹೋದವನು ನಾನು, ಈಗ ಅವರ ಮುಖ ನೋಡುವ ಧೈರ್ಯವಿರಲಿಲ್ಲ. ಒಂದು ಹೊತ್ತಿನಲ್ಲಿ ನನಗೇ ಅನುಮಾನ ಬಂತು. ನಿಜಕ್ಕೂ ಯಾರೋ ಸತ್ತಿದ್ದಾರೆಯೇ? ನನಗೆ ಯಾರೋ ಹೇಳಿ ಕಳಿಸಿ, ನಾನು ಮರೆತಿದ್ದೇನೆಯೇ?

ನಡುವೆ ಒಂದು ಹಳ್ಳ ಇದೆ. ನೀರಿಲ್ಲ, ಬರೀ ಮರಳು. ದಂಡೆಯಲ್ಲಿ ಒಂದು ಒಂಟಿ ಹುಣಸೆ ಮರ. ಅಲ್ಲಿಗೆ ಬಂದಾಗ ಗಾಡಿ ನಿಂತಿತು. ಕೆಮ್ಮಲಿಲ್ಲ, ತಡವರಿಸಲಿಲ್ಲ. ಒಂದು ಬಡಿತದ ನಂತರ ಇನ್ನೊಂದು ಬಡಿತ ಬರಲಿಲ್ಲ, ಅಷ್ಟೇ.

ಪೆಟ್ರೋಲ್ ಇತ್ತು. ಪ್ಲಗ್ ಬಿಚ್ಚಿ ನೋಡಿದೆ, ಕಿಡಿ ಇಲ್ಲ. ಹೊಸ ತಂತಿ ಸುತ್ತಿಸಿದ ಮ್ಯಾಗ್ನೆಟ್! ಒದ್ದೆ, ಮತ್ತೆ ಒದ್ದೆ. ಬೆವರು ಕಣ್ಣಿಗಿಳಿಯಿತು. ಹಿಂದೆ ಟ್ರ್ಯಾಕ್ಟರ್ ನಿಂತಿತು. ಅಳುವೂ ನಿಂತಿತು. ಹಳ್ಳದಲ್ಲಿ ಗಾಳಿ ಕೂಡ ಇರಲಿಲ್ಲ.

ಸಿದ್ದಮ್ಮ ಮಗನ ಭುಜ ಹಿಡಿದು ಟ್ರೇಲರಿನಿಂದ ಇಳಿದು ಬಂದಳು. ಗಾಡಿಯ ಸುತ್ತ ಒಂದು ಸುತ್ತು ಬಂದು, ಎಂಜಿನ್ ಮೇಲೆ ಅಂಗೈ ಇಟ್ಟಳು. ಸುಟ್ಟಿತೇನೋ, ಸರಕ್ಕನೆ ತೆಗೆದಳು. ಆಮೇಲೆ ಹುಣಸೆ ಮರವನ್ನು ನೋಡಿದಳು. ಬಹಳ ಹೊತ್ತು ನೋಡಿದಳು.

"ಹುಣಸಿ ಗಿಡದ ಹತ್ರ ನಿಂತಿತ್ತು ಅಂದಿದ್ದ, ಗುರುಶಾಂತಪ್ಪ" ಅಂದಳು. ನನಗಲ್ಲ, ಮಗನಿಗೂ ಅಲ್ಲ.

ನನ್ನ ಕೈಯಲ್ಲಿ ಪ್ಲಗ್ ಸ್ಪ್ಯಾನರ್ ಹಾಗೇ ಉಳಿಯಿತು. ಸಿದ್ದಮ್ಮ ರಸ್ತೆಯ ಮಧ್ಯೆ ಆ ಸುಡುವ ಮಣ್ಣಿನ ಮೇಲೆ ಕೂತುಬಿಟ್ಟಳು. ಆಕೆಯ ಮುಖದಲ್ಲಿ ಅಲ್ಲಿಯ ತನಕ ಇದ್ದದ್ದು ದುಃಖ. ಈಗ ಬಂದದ್ದು ಬೇರೆ. ಅಕ್ಕ ಹೇಳಿದ್ದು ಸುಳ್ಳಲ್ಲ ಅಂತ ತಿಳಿದದ್ದು ಈಗ, ಅಕ್ಕ ಸತ್ತ ದಿನ. ಇನ್ನು ಯಾರಿಗೆ ಹೇಳುವುದು? ಆಕೆ ಅಳಲಿಲ್ಲ. ಅತ್ತಿದ್ದರೆ ನನಗೆ ಅಷ್ಟು ಹೆದರಿಕೆ ಆಗುತ್ತಿರಲಿಲ್ಲ.

ನೆರಳಿಗೆ ತಳ್ಳಿ ನಿಲ್ಲಿಸಿದ ಮೇಲೆ, ಎಂಜಿನ್ ತಣ್ಣಗಾಗಿ, ಗಾಡಿ ಮೊದಲ ಒದೆತಕ್ಕೇ ಎದ್ದಿತು.

ಕೊಟ್ಟೂರಿನ ಆ ಓಣಿಗೆ ನಾನು ಮೊದಲು ಮುಟ್ಟಿದೆ. ಟ್ರ್ಯಾಕ್ಟರ್ ಹಿಂದೆ ಉಳಿದಿತ್ತು. ವೀರೇಶ ಹೇಳಿದ ಗುರುತಿನ ಮನೆ ಮುಂದೆ ನಿಂತೆ. ಎಂಜಿನ್ ನಿಲ್ಲಿಸಲು ಧೈರ್ಯ ಬರಲಿಲ್ಲ. ಮನೆ ಮುಂದೆ ಜನ ಇಲ್ಲ, ಹೆಣ ಇಲ್ಲ. ಒಳಗಿಂದ ಎತ್ತರದ, ಬೆಳ್ಳಗೆ ನರೆತ ಒಬ್ಬ ಮುದುಕಿ ಹೊರಗೆ ಬಂದಳು. ಗಾಡಿ ನೋಡಿದಳು. ಗಾಡಿಯ ಮೇಲೆ ಕೂತ ನನ್ನನ್ನು ನೋಡಿದಳು. ಚೌಕಟ್ಟು ಹಿಡಿದುಕೊಂಡಳು.

"ಮಣ್ಣು ಎಷ್ಟೊತ್ತಿಗೈತಪ್ಪಾ? ಸಿದ್ದಿ ಹೋದ್ಲೇನು?"

ನಾನು ಉತ್ತರ ಕೊಡುವ ಮೊದಲೇ ಓಣಿಯ ತಿರುವಿನಲ್ಲಿ ಟ್ರ್ಯಾಕ್ಟರ್ ಕಾಣಿಸಿತು. ಕೊಟ್ಟೂರು ಬಂದದ್ದಕ್ಕೆ ಹೆಂಗಸರು ಮತ್ತೆ ಅಳು ಎತ್ತಿದ್ದರು. ಕೊಟ್ರಮ್ಮ ತನ್ನ ಹೆಸರಿನ ಅಳುವನ್ನು ತಂಗಿಯದು ಅಂದುಕೊಂಡು, ಚೌಕಟ್ಟಿಗೆ ತಲೆ ಒರಗಿಸಿ ಕೇಳುತ್ತಾ ನಿಂತಳು. ಹೆಂಗಸರಲ್ಲಿ ಒಬ್ಬಾಕೆ ಮೊದಲು ನೋಡಿದಳು, ಬಾಯಿ ತೆರೆದದ್ದು ತೆರೆದಂತೇ ಉಳಿಯಿತು. ಒಬ್ಬೊಬ್ಬರಾಗಿ ಎಲ್ಲರೂ ಸುಮ್ಮನಾದರು.

ಸಿದ್ದಮ್ಮ ಇಳಿದಳು. ಅಪ್ಪಿಕೊಳ್ಳಲಿಲ್ಲ, ಕಾಲಿಗೆ ಬೀಳಲಿಲ್ಲ. ನಾಲ್ಕು ಮಾರು ದೂರದಲ್ಲೇ ನಿಂತು, "ಅಕ್ಕಾ, ಗಾಡಿ ನಿಂತಿದ್ದು ಖರೇನ. ನಾ ಕಣ್ಣಾರೆ ನೋಡೀನಿ" ಅಂದಳು.

ಕೊಟ್ರಮ್ಮ ಚೌಕಟ್ಟು ಬಿಟ್ಟು ಮುಂದೆ ಬಂದು ಹೇಳಿದಳು, "ನಾ ಅವತ್ತ ಹೇಳಿದ್ನಲ್ಲ."

ಆಮೇಲೆ ಇಬ್ಬರೂ ಕಟ್ಟೆಯ ಮೇಲೆ ಕೂತು ಅತ್ತರು. ಯಾರಿಗೆ ಅಂತೀರಾ? ಅವ್ವನಿಗೆ. ಇಪ್ಪತ್ತು ವರ್ಷದ ಹಿಂದೆ ಒಟ್ಟಿಗೆ ಅಳಬೇಕಾದದ್ದು. ಟ್ರ್ಯಾಕ್ಟರಿನಲ್ಲಿ ಬಂದ ಹೆಂಗಸರೂ ಸೇರಿಕೊಂಡರು. ನಾನೂ ಅತ್ತೆ, ಮುಚ್ಚಿಡುವುದೇನು? ಎಂಜಿನ್ ಯಾವಾಗ ನಿಂತಿತೋ ನನಗೆ ಗೊತ್ತಾಗಲಿಲ್ಲ. ನಾನು ಬಂದ್ ಮಾಡಿದ ನೆನಪಿಲ್ಲ.

ರಾಜಾಸಾಬ್ ಆ ಮ್ಯಾಗ್ನೆಟ್ ಬಿಚ್ಚಿ ನೋಡಿದ. ಇಡೀ ಮಧ್ಯಾಹ್ನ ಕೊಟ್ಟಿಗೆಯಲ್ಲಿ ಎಂಜಿನ್ ಓಡಿಸಿ, ಕಾಯಿಸಿ, ಇನ್ನಷ್ಟು ಕಾಯಿಸಿ ನೋಡಿದ. ನಿಲ್ಲಲಿಲ್ಲ. ಇದರಲ್ಲಿ ಏನೂ ದೋಷ ಇಲ್ಲ ಅಂತ ಹೇಳಿ ಕೈ ತೊಳೆದುಕೊಂಡು ಹೋದ. ಹೆಂಡತಿ ಹ್ಯಾಂಡಲ್ಲಿಗೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದಳು. (ನಾನು ಬೈಯಲಿಲ್ಲ. ಬಿಚ್ಚಲೂ ಇಲ್ಲ.)

ಆಮೇಲಿನ ಎರಡು ವರ್ಷ ಅಕ್ಕತಂಗಿಯರು ಬಸ್ಸಿನವರಿಗೆ ಒಳ್ಳೆ ವ್ಯಾಪಾರ ಕೊಟ್ಟರಂತೆ. ಸಂತೆ ನೆವ, ಸೋಮವಾರದ ಗುಡಿಯ ನೆವ, ಉಪ್ಪಿನಕಾಯಿ ನೆವ. ವೀರೇಶ ಸಿಕ್ಕಾಗಲೆಲ್ಲ ಹೇಳಿ ನಗುತ್ತಿದ್ದ. ಅಷ್ಟರಲ್ಲಿ ಹಳ್ಳಿಗಳಿಗೂ ಮೊಬೈಲ್ ಬಂತು. ಈಗ ಸಾವಿನ ಸುದ್ದಿ ಎಷ್ಟು ಸಲೀಸು, ನೋಡಿ. ನಾವು ಚಹಾ ಕುಡಿಯುತ್ತಾ ಕೇಳುತ್ತೇವೆ, ಅಯ್ಯೋ ಪಾಪ ಅನ್ನುತ್ತೇವೆ, ಮುಂದಿನ ಕಾಲ್ ಎತ್ತುತ್ತೇವೆ. ಹೇಳುವವನಿಗೆ ನಮ್ಮ ಮುಖ ನೋಡುವ ಕಷ್ಟವಿಲ್ಲ, ನಮಗೆ ಅವನ ಮುಖ ನೋಡುವ ಕಷ್ಟವಿಲ್ಲ.

ಕಳೆದ ಗುರುವಾರ ಬೆಳಿಗ್ಗೆ ಕ್ಲಾಸಿಗೆ ಹೊರಟಿದ್ದಾಗ ವೀರೇಶನ ಫೋನ್ ಬಂತು. ಕೊಟ್ರಮ್ಮ ನಿದ್ದೆಯಲ್ಲೇ ಹೋಗಿದ್ದಳು. ಕೊಟ್ಟೂರಿನಿಂದ ಮೊಬೈಲಿಗೆ ಸುದ್ದಿ ಬಂದಿದೆ. ಸಿದ್ದಮ್ಮ ನಂಬಲು ತಯಾರಿಲ್ಲ.

"ಗಾಡಿ ಬಂದಿಲ್ಲಲ್ಲ ಅಂತಾಳ ಸರ. ಎದ್ದು ಸೀರಿ ಉಡಾಕೂ ಒಲ್ಲಳು. ತಾವು ಒಂದೀಟು ಬಂದು ನಿಂತ್ರ ಸಾಕು."

ರಜೆ ಹಾಕಿದೆ. ಕೊಟ್ಟೂರು ದಾಟಿ, ಹಳ್ಳ ದಾಟಿ, ಆ ಮನೆ ಮುಂದೆ ಹೋಗಿ ನಿಂತೆ. ಇಳಿಯಲಿಲ್ಲ. ಎಂಜಿನ್ ಬಂದ್ ಮಾಡಲಿಲ್ಲ. ಸಿದ್ದಮ್ಮ ಕಟ್ಟೆಯ ಮೇಲೆ ಕೂತು ನನ್ನನ್ನೇ ನೋಡುತ್ತಿದ್ದಳು. ಸತ್ತರು ಅನ್ನುವ ಮಾತು ನನ್ನ ಬಾಯಿಗೆ ಬರಲಿಲ್ಲ. ಅಕ್ಕನಿಗೆ ಸ್ವಲ್ಪ ಆರಾಮಿಲ್ಲ, ನೋಡಿಕೊಂಡು ಬರೋಣ ಬಾರಮ್ಮ ಅಂದೆ. ಆ ಮಾತು ಹಾಗೇ ಬಂತು, ಯಾರೋ ನನ್ನೊಳಗಿಂದ ಹೇಳಿದಂತೆ.

ಆಕೆ ಒಳಗೆ ಹೋಗಿ ಸೀರೆ ಬದಲಿಸಿ ಬಂದು, ಮಗ ತಂದ ಟ್ರ್ಯಾಕ್ಟರ್ ಬಿಟ್ಟು ನನ್ನ ಹಿಂದೆ ಹತ್ತಿ ಕೂತಳು. ಹಳ್ಳ ಬಂತು, ಹುಣಸೆ ಮರ ಬಂತು. ಬೆನ್ನ ಹಿಂದೆ ಆಕೆ ಉಸಿರು ಬಿಗಿಹಿಡಿದದ್ದು ನನಗೆ ತಿಳಿಯಿತು. ಗಾಡಿ ನಿಲ್ಲಲಿಲ್ಲ.

ಅಕ್ಕನ ಮುಖ ಸಿಕ್ಕಿತು. ಹಣೆಗೆ ವಿಭೂತಿ ಹಚ್ಚಿ ಕೂರಿಸಿದ್ದ ಅಕ್ಕನ ಪಕ್ಕ ಸಿದ್ದಮ್ಮ ಇಡೀ ಮಧ್ಯಾಹ್ನ ಕೂತಿದ್ದಳು. ಸಂಜೆ ಕುಣಿಯಲ್ಲಿ ಹಿಡಿ ಮಣ್ಣು ಹಾಕಿದಳು.

ಎಲ್ಲ ಮುಗಿದು, ನಲ್ಲಿಯಲ್ಲಿ ಕೈಕಾಲು ತೊಳೆದುಕೊಂಡು ನಾನು ಹೊರಡುವಾಗ ಆಕೆ ಹತ್ತಿರ ಬಂದಳು. ತೌರಿನಲ್ಲಿ ಇನ್ನು ಆಕೆಗೆ ಯಾರೂ ಉಳಿದಿಲ್ಲ. ಒದ್ದೆ ಕೈಯನ್ನು ಗಾಡಿಯ ಟ್ಯಾಂಕಿನ ಮೇಲಿಟ್ಟು ಕೇಳಿದಳು:

"ನಂದು ಬಂದಾಗ ನೀ ಯಾವ ಊರಿಗೆ ಹೋಗಿ ಹೇಳ್ತೀಯಪ್ಪಾ?"